ನೀರು ಮುಟ್ಟಿದ ನವಾಹೋ ಕಂಬಳಿ

ಪ್ರೀತಿಯ ದೊಡ್ಡಪ್ಪ,

ನಾವು ಜಗಳವಾಡಿದ ಆ ಭಾನುವಾರ ನೆನಪಿದೆಯೇ? ನೀವು ಮಗುಚಿ, ಮೂಸಿ, ಆರಿಸಿ ತಂದ, ಅಮೆರಿಕದ ಮೂಲನಿವಾಸಿ ನವಾಹೋ ಜನ ನೇಯ್ದ ಹನ್ನೊಂದು ಹಳೆಯ ಕಂಬಳಿಗಳು ಸ್ಕ್ರಿಪ್ಸ್ ರ್ಯಾಂಚಿನ ನಿಮ್ಮ ಮನೆಯಲ್ಲಿದ್ದವು. ಹತ್ತು ಗೋಡೆಯ ಮೇಲೆ; ಕೆಂಪು-ಬಿಳಿಯದೊಂದು ದೇವರ ಕೋಣೆಯಲ್ಲಿ, ನಿಮ್ಮ ಪೂಜೆಯ ಆಸನ. ಉಣ್ಣೆ ಮಡಿ ಎಂದು. ನಾನು ಮೂಲನಿವಾಸಿಗಳ ಹಕ್ಕಿನ ಕರಪತ್ರವೊಂದನ್ನು ಆಡಿಸುತ್ತ ಕೂಗಿದ್ದೆ: "ಅವರ ನೆಲ ಕಿತ್ತುಕೊಂಡಾಯ್ತು, ಈಗ ಅವರು ನೇಯ್ದದ್ದರ ಮೇಲೆ ನಾವು ಕೂರೋದಾ? ನೇಯ್ದವಳ ಹೆಸರಾದ್ರೂ ಗೊತ್ತಾ ನಿಮಗೆ?" ನೀವು ಗಂಟೆಯನ್ನು ಕೆಳಗಿಟ್ಟಿರಿ, ಅಷ್ಟೇ. ಆಮೇಲೆ ನಾನು ಬರಲಿಲ್ಲ. ಕೋವಿಡ್ ಬಂತು, ನೀವು...

ನೀವು ಹೋದ ಮೇಲೆ, ನಿಮಗೆ ಕಂಬಳಿ ಮಾರಿದ್ದ ಲಾಸ್ ಏಂಜಲೀಸ್‌ನ ವ್ಯಾಪಾರಿಯಿಂದ ಪತ್ರ ಬಂತು. ನೀವು ಕೇಳಿದ್ದ, ಆ ಕೆಂಪು-ಬಿಳಿ ಕಂಬಳಿ ನೇಯ್ದವಳ ಹೆಸರು ಕೊನೆಗೂ ಸಿಕ್ಕಿದೆ ಎಂದಿತ್ತು. ಜೊತೆಗೆ ನೇಯ್ದವಳ ಮೊಮ್ಮಗಳ ಫೋನ್ ನಂಬರು. ಕೇಳಿದ್ದಿರಾ, ದೊಡ್ಡಪ್ಪ? ನನಗೊಂದು ಮಾತು ಹೇಳಬಾರದಿತ್ತೇ?

ಕಂಬಳಿಯನ್ನು ಹಿಂದಿರುಗಿಸುತ್ತೇನೆಂದು ಮೊಮ್ಮಗಳಿಗೆ ಮಾತು ಕೊಟ್ಟೆ. ದೊಡ್ಡಮ್ಮನೂ ಒಪ್ಪಿದರು. ಹೊರಡುವ ಮುನ್ನಾದಿನ ಮೂಲೆಯಲ್ಲಿ ಕುಂಕುಮದ ಕಲೆ ಕಂಡಿತು. ನಮ್ಮ ಪೂಜೆಯ ಗುರುತಿನೊಂದಿಗೆ ಕೊಡುವುದೇ? ಬಾತ್‌ಟಬ್ಬಿನಲ್ಲಿ ಬಿಸಿನೀರು, ಶಾಂಪೂ. ಹತ್ತೇ ನಿಮಿಷ. ಕೆಂಪು ಬಣ್ಣ ಬಿಟ್ಟುಕೊಂಡು ಬಿಳಿಯ ಪಟ್ಟೆಗಳಿಗೆಲ್ಲ ಹರಡಿತು.

"ಎಂತ ಮಾಡಿದೆ ಮಾರಾಯ್ತಿ!" ದೊಡ್ಡಮ್ಮ ಬಾಗಿಲಲ್ಲೇ ನಿಂತುಬಿಟ್ಟರು. "ಉಣ್ಣೆಗೆ ಮೈಲಿಗೆ ಇಲ್ಲ ಅಂತ ಅವರು ಇಪ್ಪತ್ತು ವರ್ಷ ಇದಕ್ಕೆ ನೀರು ಮುಟ್ಟಿಸಲಿಲ್ಲ. ನಿನ್ನ ಕರಪತ್ರದಲ್ಲಿ ಅದು ಬರೆದಿರ್ಲಿಲ್ವಾ?"

ಮೊಮ್ಮಗಳಿರುವುದೂ ಲಾಸ್ ಏಂಜಲೀಸ್‌ನಲ್ಲೇ; ಅಲ್ಲಿಯವರೆಗೆ ಡ್ರೈವ್ ಮಾಡುವಷ್ಟು ಹೊತ್ತೂ ಹಿಂದಿನ ಸೀಟಿನಿಂದ ಒದ್ದೆ ಉಣ್ಣೆಯ ವಾಸನೆ. ಮೊಮ್ಮಗಳೂ ನೇಯುವವಳೇ. ಕಂಬಳಿಯನ್ನು ಮಗ್ಗದ ಪಕ್ಕದಲ್ಲಿ ಹಾಸಿ, ಬಣ್ಣ ಹರಡಿದಲ್ಲೆಲ್ಲ ಬೆರಳಾಡಿಸಿದಳು.

"ತೊಳೆದದ್ದು ಯಾರು?"

"ನಾನು."

"ಇದರ ಮೇಲೆ ಕೂತದ್ದು?"

"ನನ್ನ ದೊಡ್ಡಪ್ಪ. ದಿನವೂ."

"ಅವರ ಮೇಲೆ ನನಗೆ ಸಿಟ್ಟಿಲ್ಲ. ಅಜ್ಜಿ ಇದನ್ನು ನೆಲಕ್ಕೆ ಹಾಸಲೆಂದೇ ನೇಯ್ದಳು. ಒಳ್ಳೆ ಬೆಲೆಗೆ ಮಾರಿದವಳೂ ಅವಳೇ. ನಿನ್ನ ಮೇಲಿದೆ." ನಗಲಿಲ್ಲ ಅವಳು. "ಈ ಕಲೆ ಪೂರ್ತಿ ಹೋಗುವುದಿಲ್ಲ. ಆದರೂ ಶನಿವಾರ ಶನಿವಾರ ಬಾ. ನಾನು ಹೇಳಿಕೊಡುತ್ತೇನೆ, ತೆಗೆಯಬೇಕಾದವಳು ನೀನು."

ಆರು ಶನಿವಾರಗಳಾದವು. ಒಂದು ಪಟ್ಟೆ ಸ್ವಲ್ಪ ಬೆಳ್ಳಗಾಗಿದೆ. ನಾಳೆಯೂ ಹೋಗುತ್ತೇನೆ, ಅದರಾಚೆಯ ವಾರವೂ.

ನೇಯ್ದವಳ ಹೆಸರು ಬೆಸ್ಸಿ, ದೊಡ್ಡಪ್ಪ. ನೀವು ಕೇಳಿದ್ದಿರಲ್ಲ.