ಶನಿವಾರವೂ ರಜೆ

ಥುಕ್ಬಾ
12 ಆಗಸ್ಟ್ 2013

ಬರುವ ಭಾನುವಾರದ ಮದುಮಗಳೂ, ನನ್ನ ಸೋದರಮಾವನ ಏಕೈಕ ಪುತ್ರಿಯೂ, ಬಾಲ್ಯದಲ್ಲಿ ಈ ಬಡವನ ಕಿವಿ ಹಿಂಡಿ ಉದ್ದ ಮಾಡಿದವಳೂ ಆದ ಶ್ರೀಮನ್ಮಹಾರಾಣಿ ಜುವೈರಿಯಾ ಅವರ ಸನ್ನಿಧಾನಕ್ಕೆ, ಪೈಪು ಗೋದಾಮಿನ ಕನಿಷ್ಠ ಸೇವಕ ನಝೀಮನ ಸಾವಿರದೊಂದು ಸಲಾಂ.

ನಿನ್ನಪ್ಪ ನಿಕಾಹಿಗೆ ಬರುವುದಿಲ್ಲ. ರಜೆ ಸಿಗಲಿಲ್ಲ ಎಂದಷ್ಟೇ ನಿನಗೆ ಫೋನಿನಲ್ಲಿ ಹೇಳಿದ್ದಾರೆ. ಉಳಿದದ್ದು ಇಲ್ಲಿದೆ.

ಜೂನ್ ಕೊನೆಯಲ್ಲಿ ಇಲ್ಲಿಯ ಸೌದಿ ಸರ್ಕಾರ ವಾರದ ರಜೆಯನ್ನು ಗುರುವಾರ-ಶುಕ್ರವಾರದಿಂದ ಶುಕ್ರವಾರ-ಶನಿವಾರಕ್ಕೆ ಬದಲಿಸಿತು. ಅದೆಲ್ಲ ಆಫೀಸಿನವರಿಗೆ, ಗೋದಾಮಿನ ನಮಗೆ ಎಂದಿಗೂ ಶುಕ್ರವಾರ ಒಂದೇ. ಆದರೆ ಆ ವಾರ ನಮ್ಮ ಬೋರ್ಡಿನಲ್ಲೂ ಒಂದು ನೋಟಿಸು ಕಾಣಿಸಿತು: ಶನಿವಾರವೂ ರಜೆ. ಕೆಳಗೆ ಕಂಪನಿಯ ಸೀಲು. ಹದಿನೆಂಟು ಮಂದಿ ನಂಬಿ ಹೊದ್ದು ಮಲಗಿದರು. ರಾಬಿಗ್‌ಗೆ ಹೋಗಬೇಕಿದ್ದ ಎರಡು ಲಾರಿ ಪೈಪು ಅಂಗಳದಲ್ಲೇ ಉಳಿಯಿತು.

ನಮ್ಮ ಫೋರ್‌ಮನ್ ಹಂಝ ಮಾಮ, ಅಂದರೆ ನಿನ್ನಪ್ಪ. ಈ ಸುಳ್ಳು ನೋಟಿಸು ಯಾರ ಕೆಲಸ ಎಂದು ಮುದೀರ್, ನಮ್ಮ ಮ್ಯಾನೇಜರ್, ಅವರನ್ನೇ ಹಿಡಿದ. ನಾನು ಆಗ ಅಲ್ ಅಹ್ಸಾದ ಸೈಟಿನಲ್ಲಿದ್ದೆ, ನನಗೆ ಗೊತ್ತಿಲ್ಲ ಎಂದರು ಮಾಮ. ಗೊತ್ತಿರುವುದೇ ನಿನ್ನ ಕೆಲಸ, ಹೆಸರು ಹೇಳುವವರೆಗೆ ನಿನಗೆ ಎಕ್ಸಿಟ್ ಇಲ್ಲ ಎಂದ ಅವನು. ಆ ಕಾಗದವಿಲ್ಲದೆ ಈ ದೇಶದಿಂದ ಕಾಲು ಹೊರಗಿಡುವಂತಿಲ್ಲ. ಪಾಸ್‌ಪೋರ್ಟೂ ಅವನ ಕಪಾಟಿನಲ್ಲೇ.

ಅಂದು ಊಟದ ಹೊತ್ತಿಗೆ, ರೂಮಿನ ಫಿಲಿಪಿನೊ ಗೆಳೆಯ ರೊಡೆಲ್ ಒಂದು ಸಂಗತಿ ಹೇಳಿದ. ಮಹಾಯುದ್ಧ ಮುಗಿದ ಮೇಲೆ ಅವನ ಮನಿಲಾದಲ್ಲಿ ಒಬ್ಬ ಜಪಾನಿ ಜನರಲ್‌ನ ವಿಚಾರಣೆ ನಡೆಯಿತಂತೆ. ಅವನ ಸೈನಿಕರು ಊರು ಸುಟ್ಟು ಸಾವಿರಾರು ಜನರನ್ನು ಕೊಂದಿದ್ದರು. ನಾನು ದೂರದ ಬೆಟ್ಟದಲ್ಲಿದ್ದೆ, ನನಗೆ ತಿಳಿದಿರಲಿಲ್ಲ ಎಂದನಂತೆ. ತಡೆಯಬೇಕಾದವನು ನೀನೇ ಎಂದು ಗಲ್ಲಿಗೇರಿಸಿದರಂತೆ. ನಾನು ಎದ್ದು ಮಾಮನಿಗೆ ಸೆಲ್ಯೂಟ್ ಹೊಡೆದು, ಜನರಲ್ ಸಾಹೇಬರಿಗೆ ಜಯವಾಗಲಿ ಎಂದೆ. ಎಲ್ಲರೂ ನಕ್ಕರು. ರೊಡೆಲ್ ನಗಲಿಲ್ಲ, ಅವನ ಅಜ್ಜಿಯ ಇಬ್ಬರು ತಮ್ಮಂದಿರು ಆ ಬೆಂಕಿಯಲ್ಲೇ ಸುಟ್ಟುಹೋದವರು. ಅದು ಹೆಣ ಮಾರಾಯ, ಇದು ಪೈಪು, ತಮಾಷೆಗೂ ಒಂದು ಅಳತೆ ಬೇಡವಾ ನಿನಗೆ ಎಂದು ಮಾಮ ಬೈದರು.

ಈದ್ ಮುಗಿದ ಮೇಲೂ ಮುದೀರ್ ಹೆಸರು ಕೇಳಿದ. ಮಾಮ ಹೇಳಲಿಲ್ಲ. ನಿನಗಾಗಿ ತುಂಬಿಸಿಟ್ಟ ಸೂಟ್‌ಕೇಸನ್ನು ದಿನಾ ಮಂಚದಡಿಯಿಂದ ಎಳೆದು, ತೆರೆದು, ಮುಚ್ಚಿ, ಮತ್ತೆ ಒಳಕ್ಕೆ ತಳ್ಳುತ್ತಾರೆ. ನಿನ್ನೆ ಇಬ್ಬರು ಸಾಕ್ಷಿಗಳನ್ನು ಕೂರಿಸಿ, ನಿಕಾಹಿನಲ್ಲಿ ತಮ್ಮ ಬದಲು ನಿನ್ನನ್ನು ಒಪ್ಪಿಸಿಕೊಡಲು ವಕಾಲತ್ ಬರೆದುಕೊಟ್ಟರು.

ತಮ್ಮ ಪಾದಧೂಳಿ,
ನಝೀಮ್

ವಿ.ಸೂ.: ಲಕೋಟೆಗೆ ಅಂಚೆಚೀಟಿ ಇಲ್ಲ, ನೋಡಿದೆಯಾ? ನಾನೇ ತರುತ್ತಿದ್ದೇನೆ. ವಕಾಲತ್ ನನ್ನ ಹೆಸರಿಗಿದೆ. ನನ್ನ ಎಕ್ಸಿಟ್‌ಗೆ ಮುದೀರ್ ತಲೆ ಎತ್ತದೆ ಸಹಿ ಹಾಕಿದ. ನೋಟಿಸು ಅಂಟಿಸಿದವನು ನಾನು. ಮಾಮನಿಗೆ ಮೊದಲ ದಿನವೇ ಗೊತ್ತಾಗಿತ್ತು. ಅಲ್ ಅಹ್ಸಾಕ್ಕೆ ಹೊರಡುವಾಗ ಸೀಲಿನ ಡ್ರಾಯರಿನ ಕೀಲಿಕೈಯನ್ನು ಅವರು ಕೊಟ್ಟದ್ದು ನನ್ನೊಬ್ಬನಿಗೆ. ನಾನು ಬಾಯಿ ಬಿಟ್ಟಿದ್ದರೆ ಈ ವಿಮಾನದಲ್ಲಿ ಅವರು ಬರುತ್ತಿದ್ದರು. ಬಾಯಿ ಬಿಡಲಿಲ್ಲ.