ದಪ್ಪ ಮಾವ ಮತ್ತು ತುಂಬಿದ ಲೋಟ

ಅಪ್ಪಾ,

ಸಕಲ ಜಲಚರಗಳ ಗಮನಕ್ಕೆ: ನಿನ್ನ ಮಗ ಇಂದು ದೋಣಿಯ ಒಡೆಯನಾದ! ಮೀನು ಹಿಡಿಯುವ ಹಳೇ ದೋಣಿ. ಬಣ್ಣ ಮಾತ್ರ ಮಾರಿದವನ ಮಾತಿನಷ್ಟೇ ದಪ್ಪ.

ದೋಣಿ ಎಷ್ಟು ವಾಲುತ್ತದೆಂದು ತಿಳಿಯಲು ನೀನು ಮಾಡುತ್ತಿದ್ದ ಪರೀಕ್ಷೆಯನ್ನೇ ಮಾಡಿದೆ. ದಪ್ಪ ಮಾವನನ್ನು ದೋಣಿಯಂಚಿನ ಮೇಲೆ ಕೂರಿಸಿ, ಕೈಗೆ ತುಂಬಿದ ಚಹಾ ಲೋಟ ಕೊಟ್ಟೆ. ಮೊದಲೆರಡು ದೋಣಿಗಳಲ್ಲಿ ಚಹಾ ಅವನ ಮಡಿಲು ಸೇರಿತು.

"ಅಳಿಯಾ, ದೋಣಿ ತಗೊಳ್ತೀಯೋ, ನನ್ನನ್ನ ಬೇಯಿಸ್ತೀಯೋ?"

ಮೂರನೆಯದರಲ್ಲಿ ಹನಿಯೂ ಚೆಲ್ಲಲಿಲ್ಲ. ನಮ್ಮ ಜೇಬಿಗೆ ಎಟುಕಿದ್ದೂ ಅದೊಂದೇ.

ನಿನ್ನ ಕೊನೆಯ ದೋಣಿ ಕೊಳ್ಳುವಾಗ ಲೋಟ ಹಿಡಿಯಲು ನನ್ನನ್ನು ಕರೆದಿದ್ದೆ. "ಲೋಟ ನೋಡಿ ಯಾರಾದ್ರೂ ದೋಣಿ ತಗೋತಾರಾ?" ಎಂದು ನಕ್ಕು ನಾನು ಮನೆಯಲ್ಲೇ ಉಳಿದೆ. ನೀನು ಒಬ್ಬನೇ ಹೋದೆ.

ಎಂಜಿನ್ ಇಟ್ಟ ಮೇಲೆ ಇದು ಕೊಂಚ ಬಲಕ್ಕೆ ವಾಲುತ್ತದೆ. ಮಾವ ಇನ್ನು ಹತ್ತುವುದಿಲ್ಲವಂತೆ. ನಾಳೆ ನೀನೇ ಬಂದು ಎಡಗಡೆ ಕೂತುಕೋ.