ಟ್ರಂಕಿನೊಳಗಿನ ಉಪ್ಪು

ಫೆಬ್ರವರಿ 17, ಸೋಮವಾರ. ಸಂಜೆ 6

ಹರಿಹರದಿಂದ ಇವತ್ತೂ ನಿಂತುಕೊಂಡೇ ಬಂದೆ. ದಾವಣಗೆರೆ ಮುಟ್ಟೋವರೆಗೂ ಒಂದು ಸೀಟು ಖಾಲಿಯಾಗಲಿಲ್ಲ. ಕಾಲು ನೋವು. ತಲೆ ಕಾಲಿಗಿಂತ ಬಿಸಿ.

ಫಿಸಿಯಾಲಜಿ ಕ್ಲಾಸು. ಆಶಾರಾಣಿ ಮೇಡಂ ಓದುತ್ತಾ ಹೋಗುತ್ತಾರೆ, ನಾವು ಬರೆಯುತ್ತಾ ಹೋಗುತ್ತೇವೆ. ಸೋಡಿಯಂ ಒಂದು ಎಲೆಕ್ಟ್ರಾನ್ ಬಿಟ್ಟುಕೊಡುತ್ತೆ, ಕ್ಲೋರಿನ್ ತಗೊಳ್ಳುತ್ತೆ, ಎರಡೂ ಸೇರಿದರೆ ಉಪ್ಪು. ನೀರಿಗೆ ಹಾಕಿದರೆ ಮತ್ತೆ ಬೇರೆ ಬೇರೆ. ಇದನ್ನೆಲ್ಲ ಹೈಸ್ಕೂಲಲ್ಲಿ ಕನ್ನಡದಲ್ಲಿ ಓದಿ ಆಗಿದೆ. ನರ್ಸಿಂಗಿಗೆ ಬಂದು ಇಂಗ್ಲಿಷಲ್ಲಿ ಹೊಸದಾಗಿ ಹೆದರಬೇಕು.

ಆಮೇಲೆ ಹೋಮಿಯೋಸ್ಟಾಸಿಸ್. ಹೊರಗೆ ಏನೇ ಆಗಲಿ, ಮೈಯೊಳಗಿನದು ಒಂದು ಮಿತಿಯಲ್ಲಿರಬೇಕು — ಬಿಸಿ, ಸಕ್ಕರೆ, ನೀರು, ಉಪ್ಪು. ಮಿತಿ ದಾಟಿದರೆ ಮೈ ತಾನೇ ವಾಪಸ್ ಎಳೆದು ತರುತ್ತೆ. ಅದು ನೆಗೆಟಿವ್ ಫೀಡ್‌ಬ್ಯಾಕ್. ಉದಾಹರಣೆಗೆ ಏಸಿಯಂತೆ. ರೂಮು ಬಿಸಿಯಾದರೆ ಆನ್ ಆಗುತ್ತೆ, ತಣ್ಣಗಾದರೆ ಆಫ್. "ನಿಮ್ಮ ಮನೇಲೂ ನೋಡಿರ್ತೀರಿ" ಅಂದರು. ಯಾರ ಮನೇಲಿ? ಅರವತ್ತು ಹುಡುಗಿಯರಲ್ಲಿ ಒಬ್ಬಳೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ. ಅದಕ್ಕೇ ಇಷ್ಟು ಸಿಟ್ಟು.

ಅವ್ವ ಈಗ ಮಂಡಕ್ಕಿ ಹುರಿಯೋ ಭಟ್ಟಿಯಿಂದ ಬಂದಳು. ಸೆರಗಿನ ಗಂಟಲ್ಲಿ ನನಗೆ ಮಂಡಕ್ಕಿ, ದಿನಾ ತರೋ ಹಾಗೆ. ಇನ್ನೂ ಬೆಚ್ಚಗಿತ್ತು. ಅವಳ ಕುತ್ತಿಗೆ ಮೇಲೆ ಬೆವರು ಒಣಗಿ ಬಿಳಿ ಗೆರೆ. ತಲೆ ಸುತ್ತುತ್ತೆ ಅಂತಾಳೆ, ವಾರದಿಂದ.

ಫೆಬ್ರವರಿ 19, ಬುಧವಾರ

ಅವ್ವನನ್ನು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಬಿಪಿ 170/100. ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದರು, ಮೂತ್ರ ಜಾಸ್ತಿ ಹೋಗೋ ಹಾಗೆ ಮಾಡೋದು. ಉಪ್ಪು ಕಮ್ಮಿ ಮಾಡಿ, ಹದಿನೈದು ದಿನ ಬಿಟ್ಟು ಬನ್ನಿ ಅಂದರು. ಏನು ಕೆಲಸ ಮಾಡ್ತೀರಿ ಅಂತ ಕೇಳಲಿಲ್ಲ. ನಾವೂ ಹೇಳಲಿಲ್ಲ.

ಅಪ್ಪ ಹೋಗಿದ್ದು ಬಿಪಿಯಿಂದಲೇ. ಲಕ್ವ ಹೊಡೆದು ಮೂರೇ ದಿನ. ಅದಕ್ಕೂ ಮೊದಲು ಅವನಿಗೂ ಇದನ್ನೇ ಹೇಳಿದ್ದರು, ಉಪ್ಪು ಕಮ್ಮಿ. ಅಪ್ಪ ಮೂರು ದಿನ ಕಮ್ಮಿ ಮಾಡಿ ನಾಲ್ಕನೇ ದಿನ ಉಪ್ಪಿನಕಾಯಿ ಜಾಡಿಗೇ ಕೈ ಹಾಕಿದ. ನಂಗೆ ಈ "ಕಮ್ಮಿ" ಮೇಲೆ ನಂಬಿಕೆ ಇಲ್ಲ. ಪೂರ್ತಿ ಬಂದ್.

ಉಪ್ಪಿನ ಡಬ್ಬಿ ತಗೊಂಡು ನನ್ನ ಟ್ರಂಕಿಗೆ ಹಾಕಿ ಬೀಗ ಹಾಕಿದೆ. ಉಪ್ಪಿನಕಾಯಿ ಪಕ್ಕದ ಮನೆಗೆ. ಭಟ್ಟಿಯಲ್ಲಿ ಕೆಲಸ ಮಾಡುತ್ತಾ ಎಲ್ಲರೂ ಒಂದೊಂದು ಹಿಡಿ ಮಂಡಕ್ಕಿ ಬಾಯಿಗೆ ಎಸೆದುಕೊಳ್ಳುತ್ತಾರೆ. ಅಕ್ಕಿಗೆ ಉಪ್ಪು ನೀರು ಕಲಸಿಯೇ ಹುರಿಯೋದು, ಅದೂ ಉಪ್ಪೇ. ಅದೂ ಬಂದ್ ಅಂದೆ. ಬರೀ ನೀರು ಕುಡಿ, ಎಷ್ಟು ಬೇಕಾದರೂ.

ಅವ್ವ ಮುಖ ಸಣ್ಣ ಮಾಡಿಕೊಂಡಳು. ಆಮೇಲೆ, ನೀ ಓದಿದಾಕಿ, ನೀ ಹೇಳ್ದಂಗೆ ಅಂದಳು.

ಫೆಬ್ರವರಿ 24, ಸೋಮವಾರ

ಟೆಸ್ಟ್ ಪೇಪರ್ ಕೊಟ್ಟರು. ಹೋಮಿಯೋಸ್ಟಾಸಿಸ್ ಬಗ್ಗೆ ಉದಾಹರಣೆ ಕೊಟ್ಟು ಬರೆಯಿರಿ, ಐದು ಮಾರ್ಕು. ನಂಗೆ ಒಂದೂವರೆ.

ಏಸಿ ಬರೆಯಲಿಲ್ಲ ನಾನು. ಭಟ್ಟಿ ಬರೆದೆ. ಅಕ್ಕಿ ಹುರಿಯೋ ಮರಳು ಜಾಸ್ತಿ ಕಾದರೆ ಅಕ್ಕಿ ಕರಕಲು, ಕಡಿಮೆ ಕಾದರೆ ಅರಳುವುದಿಲ್ಲ. ಅಕ್ಕಿ ಅರಳೋದು ನೋಡುತ್ತಲೇ ಅವ್ವನಿಗೆ ಗೊತ್ತಾಗುತ್ತೆ — ಒಲೆಗೆ ಹೊಟ್ಟು ಹಾಕುತ್ತಾಳೆ, ಇಲ್ಲಾ ನಿಲ್ಲಿಸುತ್ತಾಳೆ. ದಿನಾ ಹತ್ತು ತಾಸು ಅದೇ ಕೆಲಸ. ಇದು ಫೀಡ್‌ಬ್ಯಾಕ್ ಅಲ್ಲದಿದ್ದರೆ ಯಾವುದು? ಮುಕ್ಕಾಲು ಪುಟ ಬರೆದಿದ್ದೆ, ಅರ್ಧ ಇಂಗ್ಲಿಷು, ಅರ್ಧ ಕನ್ನಡ.

ಅದರ ಸುತ್ತ ಕೆಂಪು ಪೆನ್ನಲ್ಲಿ ಒಂದು ದೊಡ್ಡ ಸುತ್ತು. ಪಕ್ಕದಲ್ಲಿ — ಡೆಫಿನಿಷನ್ ಎಲ್ಲಿ? ಮೀನಾಕ್ಷಿ, ಕ್ಲಾಸ್ ಮುಗಿದ ಮೇಲೆ ಬಂದು ನನ್ನನ್ನು ಕಾಣು.

ಹಿಂದಿನ ಬೆಂಚಿನವಳು ಇಣುಕಿ ಓದಿ "ಮಂಡಕ್ಕಿ ಸಿಸ್ಟರ್" ಅಂದಳು. ಇಡೀ ಸಾಲು ನಕ್ಕಿತು. ಮೇಡಂ ಹತ್ತಿರ ಯಾಕೆ ಹೋಗಲಿ, ಇನ್ನೊಂದು ಸಲ ಮರ್ಯಾದೆ ಕಳೆದುಕೊಳ್ಳೋಕೆ? ಹೋಗಲಿಲ್ಲ.

ಫೆಬ್ರವರಿ 25, ಮಂಗಳವಾರ. ಮಧ್ಯಾಹ್ನ 12

ಕ್ಲಾಸಿಗೆ ಹೋಗಿಲ್ಲ. ಹರಿಹರ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚು. ಆನಗೋಡಿನ ರೇಖಾ ದಿನಾ ನನ್ನ ಜೊತೆಗೇ ಬರೋಳು, ಕೈ ಹಿಡಿದು ಎಳೆದಳು — ಬಾರೇ, ಅದೇ ಚಾಪ್ಟರ್ ಇವತ್ತು ಮುಗಿಸ್ತಾರೆ ಅಂತ. ಮುಗಿಸಲಿ. ನಂಗೆ ಆ ಚಾಪ್ಟರೇ ಬೇಡ.

ನಾಳೆ ಶಿವರಾತ್ರಿ ರಜ. ಗುರುವಾರ, ಶುಕ್ರವಾರವೂ ಹೋಗಲ್ಲ.

ಮಾರ್ಚ್ 6, ಗುರುವಾರ

ವಾಪಸ್ ಹೋಗಿ ನಾಲ್ಕು ದಿನ ಆಯಿತು. ಈಗ ಆಸಿಡ್, ಬೇಸು, ಪಿಎಚ್. ರಕ್ತದ ಪಿಎಚ್ 7.35ರಿಂದ 7.45. ಅಷ್ಟು ಸಣ್ಣ ಸಂದಿಯಲ್ಲಿ ಬದುಕಬೇಕು. ಮೇಡಂ ಎರಡು ಸಲ ನನ್ನ ಕಡೆ ನೋಡಿದರು. ನಾನು ಪುಸ್ತಕ ನೋಡಿದೆ. ಬಿಟ್ಟುಹೋದ ನೋಟ್ಸು ರೇಖಾ ಕೊಡ್ತೀನಿ ಅಂದಳು. ಬ್ಯಾಡ ಅಂದೆ.

ಮನೆಗೆ ಬಂದರೆ ಅವ್ವನ ಸೆರಗಲ್ಲಿ ಮಂಡಕ್ಕಿ ಗಂಟು. ಎಂದಿಗಿಂತ ಸಣ್ಣದು. ದಾರಿಯಲ್ಲಿ ತಿಂದಿದೀಯ ಅಂದೆ. ಇಲ್ಲ ಅಂದಳು. ಸುಳ್ಳು ಹೇಳ್ತೀಯ, ಅಪ್ಪನ ಹಾಗೇ ಹೋಗ್ತೀಯ ಅಂತ ಕೂಗಾಡಿ ಗಂಟು ಬಿಚ್ಚಿ ಮೋರಿಗೆ ಚೆಲ್ಲಿದೆ. ಅವ್ವ ಒಲೆ ಹಚ್ಚಲು ಎದ್ದು ಹೋದಳು.

ಮಾರ್ಚ್ 14, ಶುಕ್ರವಾರ

ಕಾಲೇಜಿನ ಬಿಪಿ ಮಷಿನ್ ಕೇಳಿ ತಂದಿದ್ದೆ. 106/70.

ಗೆದ್ದೆ. ಅವ್ವನಿಗೂ ತೋರಿಸಿದೆ, ಓದಲು ಬರದಿದ್ದರೂ. ಕ್ಲಿನಿಕ್ಕಿಗೆ ಹದಿನೈದು ದಿನಕ್ಕೆ ಹೋಗಬೇಕಿತ್ತು, ಹೋಗಿಲ್ಲ — ಇನ್ನು ಯಾಕೆ? ಮಾತ್ರೆ ಮಾತ್ರ ಬಿಡಬ್ಯಾಡ ಅಂದಿದೀನಿ.

ರಾತ್ರಿ ಮೀನಖಂಡ ಹಿಡಿಯುತ್ತಂತೆ. ಕೈಬೆರಳು ಕೊಕ್ಕೆಯಾಗುತ್ತಂತೆ. ಬಿಸಿಲು ಶುರು, ಭಟ್ಟಿ ಬೇರೆ, ನೀರು ಸಾಲುತ್ತಿಲ್ಲ ಅಂದೆ. ಎರಡು ಲೀಟರ್ ಬಾಟಲಿ ಕೊಟ್ಟಿದೀನಿ. ದಿನಕ್ಕೆ ಮೂರು ಸಲ ಖಾಲಿಯಾಗಬೇಕು.

ಮಾರ್ಚ್ 22, ಶನಿವಾರ

ಭಟ್ಟಿ ಮಾಲೀಕ ಶಿವಮೂರ್ತಿ ಮನೆ ಬಾಗಿಲಿಗೇ ಬಂದಿದ್ದ. ಅವ್ವ ಒಂದೇ ಅಕ್ಕಿಗೆ ಮೂರು ಸಲ ಉಪ್ಪು ನೀರು ಕಲಸಿದಳಂತೆ. ಅಷ್ಟೂ ಅಕ್ಕಿ ಹಾಳು. "ನಿಮ್ಮವ್ವಗೆ ಏನಾಗೇತಿ ನೋಡವ್ವ, ಕರೆದ್ರೆ ತಿರುಗಿ ನೋಡಂಗಿಲ್ಲ" ಅಂದ. ಹದಿನೆಂಟು ವರ್ಷ ನಿನ್ನ ಒಲೆ ಮುಂದೆ ಬೆಂದವಳಿಗೆ ಒಂದು ತಪ್ಪಿಗೆ ಬಾಗಿಲಿಗೆ ಬರ್ತೀಯಾ ಅಂತ ಅವನನ್ನೇ ಬೈದು ಕಳಿಸಿದೆ.

ಅವ್ವನಿಗೆ ಬೆಳಿಗ್ಗೆಯಿಂದ ಎರಡು ಸಲ ವಾಂತಿ. ತಲೆನೋವು. ಊಟ ಬ್ಯಾಡ. ನೀರು ಕುಡಿಸಿದೆ, ಒತ್ತಾಯ ಮಾಡಿಯೇ. ಮಲಗೋ ಮೊದಲು ನನ್ನನ್ನು ರಂಗವ್ವ ಅಂತ ಕರೆದಳು. ರಂಗವ್ವ ಅವಳ ತಂಗಿ, ಸತ್ತು ಎಷ್ಟು ವರ್ಷವಾಯಿತೋ. ಸುಸ್ತಿಗೆ ಏನೋ ಅಂದಿರಬೇಕು.

ಮಾರ್ಚ್ 28, ಶುಕ್ರವಾರ. ಆಸ್ಪತ್ರೆ, ಸಂಜೆ 4

ನಿನ್ನೆ ಹನ್ನೊಂದಕ್ಕೆ ಅವ್ವ ಭಟ್ಟಿಯಲ್ಲಿ ಬಿದ್ದಳು. ಫಿಟ್ಸ್. ಪುಣ್ಯಕ್ಕೆ ಒಲೆ ಕಡೆಗಲ್ಲ, ಚೀಲದ ಮೇಲೆ. ಶಿವಮೂರ್ತಿಯೇ ಆಟೋದಲ್ಲಿ ಹಾಕಿಕೊಂಡು ಬಂದಿದ್ದಾನೆ, ನಾನು ಬೈದವನು.

ಲಕ್ವ ಅಂದುಕೊಂಡೆ. ಅಲ್ಲ. ರಕ್ತದಲ್ಲಿ ಸೋಡಿಯಂ 110. ಇರಬೇಕಾದದ್ದು 135ರಿಂದ 145. ಐಸಿಯುನ ಲೇಡಿ ಡಾಕ್ಟರ್ ಕೇಳಿದರು — ಎಷ್ಟು ನೀರು ಕುಡೀತಿದ್ರು, ಉಪ್ಪು ಯಾರು ಬಿಡಿಸಿದ್ದು? ಕ್ಲಿನಿಕ್ಕಿನ ಡಾಕ್ಟರು ಅಂದೆ.

ಸುಳ್ಳು ಎಷ್ಟು ಸಲೀಸಾಗಿ ಬಂತು. ಹೇಳಿದ ಮೇಲೆ ನಾನೇ ನಂಬಿದೆ. ಅರ್ಧ ದಿನ ಆ ಕ್ಲಿನಿಕ್ಕಿನವನ ಮೇಲೆ ಹಲ್ಲು ಕಡಿದೆ. ಭಟ್ಟಿ ಕೆಲಸ ಅಂತ ಕೇಳಬಾರದಿತ್ತಾ?

ಉಪ್ಪು ಕಮ್ಮಿಯಾಗಿದ್ದರೆ ಬೇಗ ಏರಿಸಿ ಅಂತ ಡಾಕ್ಟರ ಹತ್ತಿರ ರೇಗಿದೆ. ಅವರು ರೇಗಲಿಲ್ಲ. ಗಡಿಬಿಡಿ ಮಾಡಿದರೆ ಮಿದುಳಿಗೇ ಪೆಟ್ಟಂತೆ. ಸೋಡಿಯಂ ದಿನಕ್ಕೆ ಎಂಟು ಅಂಕಿಗಿಂತ ಮೇಲೆ ಏರಿಸಬಾರದು. ಡ್ರಿಪ್‌ನಲ್ಲಿ ಹನಿ ಹನಿಯಾಗಿ ಬಿಡುತ್ತಿದ್ದಾರೆ. ನೋಡುತ್ತಾ ಕೂತಿದೀನಿ.

ಸಂಜೆ 6

ದ್ರಾಕ್ಷಾಯಣಮ್ಮ ಬಂದಿದ್ದಳು. ಭಟ್ಟಿಯಲ್ಲಿ ಅವ್ವನ ಪಕ್ಕದ ಒಲೆಯವಳು. ಐಸಿಯು ಗಾಜಿನ ಮೂಲಕ ಅವ್ವನನ್ನು ನೋಡಿ, ಬಂದು ನನ್ನ ಪಕ್ಕ ಕೂತಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಒಂದ್ ಕಾಳು ಬಾಯಿಗೆ ಹಾಕ್ಲಿಲ್ಲ ನೋಡು ನಿಮ್ಮವ್ವ. ನಾವೆಲ್ಲಾ ತಿನ್ನೋದು, ಅಕಿ ನಿನಗಂತ ಗಂಟು ಕಟ್ಟೋದು. ಅವತ್ತು ನೀ ಚೆಲ್ಲಿದ್ಯಂತಲ್ಲ, ಅವತ್ತಿಂದ ಗಂಟೂ ಕಟ್ಟಾದು ಬಿಟ್ಲು. ಕೈ ಕಾಲು ಸೆಳೀತಾವು ಅಂತಿದ್ಲು. ಒಂದ್ ಹಿಡಿ ತಿನ್ನೇ ಅಂದೆ. ನನ್ ಮಗಳು ಓದಾಕತ್ಯಾಳೆ, ಅಕಿಗೆ ಗೊತ್ತಿರತೈತೆ ಅಂದ್ಲು."

ಮಾರ್ಚ್ 30, ಭಾನುವಾರ. ಯುಗಾದಿ

ರೇಖಾ ಬೇವು ಬೆಲ್ಲ ತಂದಳು. ಫಿಸಿಯಾಲಜಿ ನೋಟ್ಸ್ ನಾನೇ ಫೋನ್ ಮಾಡಿ ಕೇಳಿದ್ದೆ. ಫೆಬ್ರವರಿ 25ನೇ ತಾರೀಖಿನ ಪುಟ. ನಾನು ಬಸ್ ಸ್ಟ್ಯಾಂಡಲ್ಲಿ ಕೂತ ದಿನ.

ರೇಖಾಳ ಅಕ್ಷರ. ಇಂಗ್ಲಿಷು, ನಡುನಡುವೆ ಕನ್ನಡ. ನಮಗೆ ಅರ್ಥವಾಗಲಿ ಅಂತ ಮೇಡಂ ಅವತ್ತು ಕನ್ನಡದಲ್ಲೇ ಹೇಳಿದರಂತೆ. ಹಾಗೇ ಇಳಿಸಿಕೊಳ್ಳುತ್ತೇನೆ:

"ಮಿತಿಗೆ ಎರಡು ತುದಿ. ಸೋಡಿಯಂ ಹೆಚ್ಚಾದರೂ ಅಪಾಯ, ಕಡಿಮೆಯಾದರೂ ಅಪಾಯ. ಉದಾ: ಮಂಡಕ್ಕಿ ಭಟ್ಟಿ. ಒಲೆಯ ಬಿಸಿಯನ್ನು ಹೆಂಗಸು ಕಾಯುತ್ತಾಳೆ. ಅವಳ ಬಿಸಿಯನ್ನು ಅವಳ ಮೈ ಬೆವರಿ ಕಾಯುತ್ತದೆ. ಬೆವರಲ್ಲಿ ನೀರಷ್ಟೇ ಅಲ್ಲ, ಉಪ್ಪೂ ಹೋಗುತ್ತದೆ. ಬರೀ ನೀರು ಕುಡಿದರೆ ರಕ್ತ ತೆಳುವಾಗಿ ಮಿದುಳು ಊದುತ್ತದೆ. ತಲೆನೋವು, ವಾಂತಿ, ಸೆಳೆತ, ಗೊಂದಲ, ಫಿಟ್ಸ್."

ಕೆಳಗೆ ಸಣ್ಣದಾಗಿ — ಈ ಉದಾಹರಣೆ ಮೀನಾಕ್ಷಿಯದು. ಟೆಕ್ಸ್ಟ್ ಬುಕ್ಕಿಗಿಂತ ಚೆನ್ನಾಗಿದೆ ಅಂದರು. ಅವಳು ಬಂದಿಲ್ಲ.

"ಮೇಡಂ ಕೇಳಿದ್ರು ಕಣೇ, ಮೀನಾಕ್ಷಿ ಎಲ್ಲಿ, ಎದ್ದು ನಿಲ್ಲಲಿ ಅಂತ" ಅಂದಳು ರೇಖಾ. ಹೇಳೋಕೆ ಬಂದರೆ ನೀ ಬ್ಯಾಡ ಅಂದೆಯಲ್ಲ ಅಂತಲೂ ಅಂದಳು.

ಐದೂ ಇದ್ದವು. ತಲೆನೋವು, ವಾಂತಿ, ಸೆಳೆತ, ಗೊಂದಲ, ಫಿಟ್ಸ್. ಒಂದೊಂದನ್ನೂ ಈ ದಿನಚರಿಯಲ್ಲಿ ನಾನೇ ಬರೆದಿಟ್ಟಿದೀನಿ, ತಾರೀಖು ಹಾಕಿ. ಕುತ್ತಿಗೆ ಮೇಲಿನ ಬಿಳಿ ಗೆರೆಯೂ ಇದೆ, ಮೊದಲನೇ ದಿನವೇ. ಅದು ಉಪ್ಪು ಅಂತ ಹೊಳೆಯಲಿಲ್ಲ. ಎಲ್ಲರ ಮೇಲೂ ಸಿಟ್ಟಿತ್ತು ನಂಗೆ, ಏಸಿ ಮೇಲೂ. ಈಗ ಸಿಟ್ಟೆಲ್ಲ ಒಂದೇ ಕಡೆ ಬಂದಿದೆ, ಇಡೋಕೆ ಜಾಗ ಸಾಲುತ್ತಿಲ್ಲ.

ಬೇವು ಬೆಲ್ಲ ಬಾಯಿಗೆ ಹಾಕಿಕೊಂಡೆ. ಬೇವೇ ಸಿಕ್ಕಿತು. ನುಂಗಿದೆ.

ಮಾರ್ಚ್ 31, ಸೋಮವಾರ. ಬೆಳಿಗ್ಗೆ 10

ಡಾಕ್ಟರಿಗೆ ಹೋಗಿ ಹೇಳಿದೆ. ಕ್ಲಿನಿಕ್ಕಿನವರು ಕಮ್ಮಿ ಮಾಡಿ ಅಂದಿದ್ದು, ಪೂರ್ತಿ ಬಿಡಿಸಿದ್ದು ನಾನು. ಆರು ಲೀಟರ್ ನೀರು ಕುಡಿಸಿದ್ದೂ ನಾನೇ. ಅವರು ಕೇಸ್ ಶೀಟಿನಲ್ಲಿ ಬರೆದುಕೊಂಡರು. ಏನು ಓದ್ತಾ ಇದೀಯ ಅಂದರು. ನರ್ಸಿಂಗ್, ಫಸ್ಟ್ ಇಯರ್ ಅಂದೆ. ಪೆನ್ನು ನಿಂತಿತು. ಆಮೇಲೆ ಮತ್ತೆ ಬರೆದರು.

ಇವತ್ತಿನ ಸೋಡಿಯಂ 131.

ಮಧ್ಯಾಹ್ನ 1

ಅವ್ವನನ್ನು ವಾರ್ಡಿಗೆ ತಂದಿದ್ದಾರೆ. ನನ್ನನ್ನು ಮೀನಾ ಅಂದಳು. ರಂಗವ್ವ ಅನ್ನಲಿಲ್ಲ. ಭಟ್ಟಿಗೆ ಯಾರು ಹೋಗ್ಯಾರೆ ಅಂತ ಕೇಳಿದಳು. ಇವತ್ತು ನಿಂಗೆ ಕಾಲೇಜಿಲ್ಲೇನು ಅಂದಳು. ರಂಜಾನ್ ರಜ ಅಂದೆ.

ಸಿಸ್ಟರ್ ಒಬ್ಬರು ಗಂಜಿ ತಂದುಕೊಟ್ಟರು. ಇದಕ್ಕೆ ಉಪ್ಪು ಹಾಕಿದೀವಿ, ಪೂರ್ತಿ ಕುಡಿಸು ಅಂದರು. ಅವ್ವ ಎದ್ದು ಕೂತಳು. ತಾನೇ ಕುಡೀತೀನಿ ಅಂತ ಲೋಟ ಈಸಿಕೊಂಡಳು.

ತುಟಿಯವರೆಗೆ ತಂದಳು. ನಾಲಿಗೆಗೆ ತಾಗಿತೇನೋ. ನಿಲ್ಲಿಸಿ, ಲೋಟ ಕೆಳಗಿಳಿಸಿ, ಹೆದರಿದ ಕಣ್ಣಲ್ಲಿ ನನ್ನ ಮುಖ ನೋಡಿದಳು.

"ಉಪ್ಪು ಐತೆ ಇದ್ರಾಗೆ. ಕುಡೀಲೇನವ್ವ?"

ನಾನು ಲೋಟದ ಅಡಿಗೆ ಕೈ ಕೊಟ್ಟು ಮತ್ತೆ ಅವಳ ತುಟಿಗೆ ಹಿಡಿದೆ, ಕುಡಿಯವ್ವ ಅಂದೆ.